ಸಾಕಿದ ನಾಯಿಯನ್ನು ಕಳಿಸಿಕೊಡಲಾಗದ ಟೀಚರ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಬಂದವರು ಐವತ್ತು ದಾಟಿದ ಹೈಸ್ಕೂಲ್ ಶಿಕ್ಷಕಿ. ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ. ಉತ್ತರ ಬೆಂಗಳೂರಿನಲ್ಲಿ ಎರಡನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಗಂಡ ನಿವೃತ್ತರು, ಮಗ ಪುಣೆಯಲ್ಲಿ. ರಾತ್ರಿ ನಿದ್ದೆ ಇಲ್ಲ, ಪಾಠ ಮಾಡುವಾಗ ಸುಮ್‌ಸುಮ್ನೆ ಕಣ್ಣು ತುಂಬುತ್ತದೆ ಎಂದರು. ಕಾರಣ ಹೇಳಲು ಮಾತ್ರ ಬಹಳ ಹೊತ್ತು ಹಿಂಜರಿದರು. "ಒಂದು ನಾಯಿ ವಿಷಯಕ್ಕೆ ಬಂದಿದೀನಿ ಅಂದ್ರೆ ನೀವೇನಂದ್ಕೋತೀರೋ ಮೇಡಂ."

ನಾಯಿಯ ಹೆಸರು ಚಿನ್ನಿ. ಆರೇಳು ವರ್ಷದ ಹೆಣ್ಣು ಲ್ಯಾಬ್ರಡಾರ್. ಮರಿ ಮಾಡಿಸಿ ಮಾರುವ ಬ್ರೀಡರ್ ಒಬ್ಬನ ಶೆಡ್‌ನಿಂದ ರೆಸ್ಕ್ಯೂ ಗುಂಪೊಂದು ಬಿಡಿಸಿ ತಂದಿತ್ತು. ದತ್ತು ತಗೊಳ್ಳುವವರು ಸಿಗುವವರೆಗೆ ಫಾಸ್ಟರ್ ಆಗಿ ಇಟ್ಟುಕೊಳ್ಳಿ, ಎರಡು ತಿಂಗಳ ಮಾತು ಅಂದಿದ್ದರಂತೆ. ಏಳು ತಿಂಗಳಾಗಿತ್ತು. ಕೇಳಿಕೊಂಡು ಬಂದ ನಾಲ್ಕೂ ಮನೆಯವರನ್ನು ಟೀಚರ್ ಬೇಡ ಅಂದಿದ್ದರು. ಗುಂಪಿನವರಿಗೆ ಬೇಸರ ಬಂದಿತ್ತು: "ಒಂದೋ ನೀವೇ ಇಟ್ಕೊಳ್ಳಿ, ಇಲ್ಲಾ ಕೊಡಿ." ಇಟ್ಟುಕೊಳ್ಳುವ ಹಾಗೂ ಇರಲಿಲ್ಲ. ಚಿನ್ನಿಗೆ ಸೊಂಟದ ಕೀಲು ಸರಿಯಿಲ್ಲ, ಮೆಟ್ಟಿಲು ಹತ್ತಿಳಿಸಬಾರದು ಎಂದು ಡಾಕ್ಟರ್ ಹೇಳಿದ್ದರು. ಅಷ್ಟು ದೊಡ್ಡ ನಾಯಿಯನ್ನು ಹೊತ್ತು ಹೊತ್ತು ಗಂಡನ ಬೆನ್ನು ಹಿಡಿದಿತ್ತು.

ಚಿನ್ನಿ ಬಂದ ಹೊಸದರಲ್ಲಿ ಹೇಗಿತ್ತು ಎಂದು ಕೇಳಿದೆ. ಆಗ ಮಾತು ಸರಾಗವಾಯಿತು. ಇಡೀ ಹಾಲ್ ಖಾಲಿ ಬಿಟ್ಟರೂ ಅದು ಒಂದು ಮೂಲೆಯಲ್ಲಿ ನಾಲ್ಕಡಿ ಜಾಗದಲ್ಲೇ ಸುತ್ತುತ್ತಿತ್ತಂತೆ. ಅಲ್ಲಿ ಕೇಜೂ ಇಲ್ಲ, ಗೋಡೆಯೂ ಇಲ್ಲ. ಆದರೂ ಸರಿಯಾಗಿ ಅದೇ ಅಳತೆಗೆ ಬಂದು ತಿರುಗಿಕೊಳ್ಳುತ್ತಿತ್ತು. ಯಾರಾದರೂ ನೋಡುತ್ತಿದ್ದರೆ ಅನ್ನ ಮುಟ್ಟುತ್ತಿರಲಿಲ್ಲ. ಮಿಕ್ಸಿ ಹಾಕಿದರೆ ಮಂಚದ ಕೆಳಗೆ. ನಿಂತಲ್ಲೇ ಉಚ್ಚೆ. ಹೊಟ್ಟೆಯಡಿ ಮೊಲೆಗಳು ಜೋತುಬಿದ್ದಿದ್ದವು. ಗರ್ಭಕೋಶದಲ್ಲಿ ಕೀವು ತುಂಬಿ, ತುರ್ತಾಗಿ ಆಪರೇಷನ್ ಆಯಿತು. ಆಮೇಲೆ ಉಣ್ಣಿ ಜ್ವರ. ಟೀಚರ್ ಸ್ಕೂಲಿಗೆ ರಜೆ ಹಾಕಿ ಪಕ್ಕದಲ್ಲೇ ಮಲಗಿ ನೋಡಿಕೊಂಡಿದ್ದರು.

ಇದು ಚಿನ್ನಿ ಒಂದರ ಕಥೆಯಲ್ಲ. ಅಮೆರಿಕದಲ್ಲಿ ಫ್ರ್ಯಾಂಕ್ ಮೆಕ್‌ಮಿಲನ್ ಎಂಬ ಪಶುವೈದ್ಯರು ಹೀಗೇ ಮರಿಗಾಗಿ ನಾಯಿಗಳನ್ನು ಕೇಜಿನಲ್ಲಿಡುವ ಬ್ರೀಡರ್‌ಗಳ ಜಾಗಗಳಿಂದ ಬಂದ 1,169 ನಾಯಿಗಳ ಬಗ್ಗೆ ಸಾಕಿದವರನ್ನು ಕೇಳಿ ತಿಳಿದು, 2011ರಲ್ಲಿ ಪ್ರಕಟಿಸಿದರು. ಮನೆಗಳಲ್ಲೇ ಬೆಳೆದ ನಾಯಿಗಳಿಗಿಂತ ಇವುಗಳಲ್ಲಿ ಭಯ ಜಾಸ್ತಿ, ಮನೆಯೊಳಗೆ ಗಲೀಜು ಮಾಡುವುದೂ ಜಾಸ್ತಿ. ಕೇಜಿನೊಳಗೆ ಬೇರೆ ಎಲ್ಲಿ ಹೋಗಬೇಕು ಅವು? ಇದನ್ನು ಹೇಳಿದಾಗ ಟೀಚರ್ ನಿಟ್ಟುಸಿರುಬಿಟ್ಟರು. ತನ್ನ ಸಾಕಣೆಯಲ್ಲೇ ಏನೋ ಕೊರತೆ ಎಂದು ಅವರಿಗೆ ಅಷ್ಟು ದಿನ ಅನ್ನಿಸುತ್ತಿತ್ತು.

ಬೇಡ ಅಂದ ನಾಲ್ಕು ಮನೆಗಳಿಗೆ ಬಂದೆವು. ಮೊದಲನೆಯವರ ಬಾಲ್ಕನಿಗೆ ಗ್ರಿಲ್ ಇರಲಿಲ್ಲ. ಎರಡನೆಯವರು ಗೇಟಿನ ಹತ್ತಿರ ಕಟ್ಟಿಹಾಕುತ್ತೇವೆ ಅಂದರು. ಮೂರನೆಯವರು ಸೋಫಾ ಹತ್ತಲು ಬಿಡುವುದಿಲ್ಲ ಅಂದರು. ನಾಲ್ಕನೆಯವರು ಹೆಸರು ಬದಲಾಯಿಸಬಹುದಾ ಎಂದು ಕೇಳಿದರು. ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿಸಿದೆ. ಒಂದು ಕಡೆ ಚಿನ್ನಿಗೆ ನಿಜವಾಗಿ ಬೇಕಾದದ್ದು, ಇನ್ನೊಂದು ಕಡೆ ನಿಮ್ಮ ಮನಸ್ಸಿಗೆ ಬೇಕಾದದ್ದು. ಗ್ರಿಲ್ಲು, ಕಟ್ಟಿಹಾಕದಿರುವುದು ಮೊದಲನೆಯದಕ್ಕೆ ಹೋದವು. ಸೋಫಾ, ಹೆಸರು ಎರಡನೆಯದಕ್ಕೆ. ಪೆನ್ನು ಹಿಡಿದುಕೊಂಡೇ ತುಂಬಾ ಹೊತ್ತು ಸುಮ್ಮನೆ ಕೂತರು.

ಆಮೇಲೆ ಕೇಳಿದೆ, ಕಳಿಸುವ ದಿನ ಹೇಗಿರುತ್ತದೆ ಅಂತ ನಿಮ್ಮ ಕಣ್ಣಿಗೆ ಕಾಣುತ್ತದೆ? ಗುಂಪಿನ ಹುಡುಗಿ ಫೋನಿನಲ್ಲಿ ಹೇಳಿದ್ದನ್ನೇ ಹೇಳಿದರು: "ಬೆಲ್ಟ್ ಕೈಗೆ ಕೊಟ್ಟು ತಿರುಗಿ ನೋಡದೆ ಬಂದುಬಿಡಿ ಆಂಟಿ." ಅಷ್ಟು ಹೇಳಿ ಅತ್ತರು. ಟೀಚರ್ ಎಂಟು ವರ್ಷದವರಿದ್ದಾಗ ಓದಿಗೆಂದು ಅಮ್ಮ ಅವರನ್ನು ದಾವಣಗೆರೆಯ ಸೋದರತ್ತೆ ಮನೆಗೆ ಕರೆದುಕೊಂಡು ಹೋಗಿದ್ದರಂತೆ. ರಾತ್ರಿ ಅಮ್ಮನ ಪಕ್ಕ ಮಲಗಿದ್ದ ನೆನಪು. ಏಳುವಷ್ಟರಲ್ಲಿ ಅಮ್ಮ ಬೆಳಗಿನ ಬಸ್ಸು ಹತ್ತಿಯಾಗಿತ್ತು. ಹೇಳಿದರೆ ಮಗು ರಂಪ ಮಾಡುತ್ತದೆ ಎಂದು ಯಾರೂ ಹೇಳಿರಲಿಲ್ಲ. "ಅತ್ತೆ ಚೆನ್ನಾಗೇ ನೋಡ್ಕೊಂಡ್ರು. ಆದ್ರೆ ಆ ಬೆಳಗ್ಗೆ ಮಾತ್ರ ಹೋಗಲ್ಲ ಮೇಡಂ."

ನನಗೆ ಕಂಡದ್ದು ಇಷ್ಟು. ಚಿನ್ನಿಯನ್ನು ಬೇರೆ ಮನೆಗೆ ಕೊಡುವುದನ್ನು ಅವರು ಒಪ್ಪಿಯಾಗಿತ್ತು. ಹೇಳದೆ ಕೇಳದೆ ಬಿಟ್ಟು ಬರುವುದನ್ನು ಅವರ ಮನಸ್ಸು ಒಪ್ಪುತ್ತಿರಲಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹಾಗಾಗಿ ಕೊಡಬೇಕಾ ಬೇಡವಾ ಎಂಬ ಚರ್ಚೆ ಬಿಟ್ಟು, ಹೇಗೆ ಕೊಡುವುದು ಎಂಬುದನ್ನು ಹಿಡಿದುಕೊಂಡೆವು.

ನಾನು ಹೇಳಿದ್ದು: ದತ್ತು ಪಡೆಯುವವರು ಮೊದಲು ನಿಮ್ಮ ಮನೆಗೇ ಬರಲಿ, ಮತ್ತೆ ಮತ್ತೆ ಬರಲಿ. ಬಂದು ಸುಮ್ಮನೆ ನೆಲದ ಮೇಲೆ ಕೂರಲಿ, ಕರೆಯುವುದು ಬೇಡ. ಚಿನ್ನಿ ತಾನಾಗಿ ಹತ್ತಿರ ಹೋದ ಮೇಲೆ ಅವರ ಮನೆಯಲ್ಲಿ ಅರ್ಧ ದಿನ, ನೀವೂ ಜೊತೆಗಿದ್ದು. ಆಮೇಲೆ ಒಂದು ರಾತ್ರಿ. ಅದು ಮಲಗುವ ಹಳೇ ಬೆಡ್‌ಶೀಟನ್ನು ಒಗೆಯದೆ ಕಳಿಸಿ. ನೀವು ಕೊಡುವ ಊಟ, ಕರೆಯುವ ಮಾತು, ಹೊರಗೆ ಒಯ್ಯುವ ಹೊತ್ತು ಎಲ್ಲ ಬರೆದುಕೊಡಿ. ಇಂಥ ನಾಯಿಗಳು ಬಾಗಿಲು ಸಂದಿಯಲ್ಲಿ ನುಸುಳಿ ಓಡಿಬಿಡುವುದು ಹೆಚ್ಚು, ಓಡಿದರೆ ಕರೆದರೂ ಬರುವುದಿಲ್ಲ. ಎದೆಪಟ್ಟಿಗೊಂದು, ಕತ್ತಿನ ಬೆಲ್ಟಿಗೊಂದು ಅಂತ ಎರಡು ಹಗ್ಗ ಇರಲೇಬೇಕು. ದೀಪಾವಳಿ ಮುಗಿಯುವವರೆಗೆ ಮಾತ್ರ ಯಾರಿಗೂ ಕೊಡಬೇಡಿ. ಹೊಸ ಮನೆಯಲ್ಲಿ ಪಟಾಕಿ ಸದ್ದು ಸೇರಿದರೆ ಆಯಿತು ಕಥೆ. ಸಾಕಲಾಗದಿದ್ದರೆ ವಾಪಸ್ ಗುಂಪಿಗೇ ಕೊಡಬೇಕು ಎಂದು ಬರಹದಲ್ಲಿ ಪಡೆಯಿರಿ.

ಕಳಿಸಿದ ಮೇಲೆ ಮೂರು ವಾರ ನೋಡಲು ಹೋಗಬೇಡಿ ಎಂದೂ ಹೇಳಿದೆ. ಅದು ಅವರಿಗೆ ಕಷ್ಟವಾಯಿತು. ಆದರೆ ಚಿನ್ನಿ ಹೊಸಬರನ್ನು ನೆಚ್ಚಿಕೊಳ್ಳಲು ಸಮಯ ಬೇಕಲ್ವಾ? ಫೋಟೊ ತರಿಸಿಕೊಳ್ಳಿ, ಸಾಕು. ಮನೆಯಲ್ಲಿ ಯಾರಾದರೂ "ಒಂದು ನಾಯಿಗೆ ಇಷ್ಟೊಂದಾ" ಅಂದರೆ ವಾದಕ್ಕಿಳಿಯಬೇಡಿ, ಎದ್ದು ಹೋಗಿ ಅತ್ತುಬಿಡಿ. ಗಂಡನನ್ನೂ ಒಮ್ಮೆ ಕರೆಸಿ ಮಾತಾಡಿದೆ. ಅವರದೂ ಇದೇ ಪಾಡು, ಬೆನ್ನುನೋವಿನ ಹಿಂದೆ ಬಚ್ಚಿಟ್ಟುಕೊಂಡಿದ್ದರು ಅಷ್ಟೆ.

ಇನ್ನೊಂದು ವಿಷಯ, ಸಿಟ್ಟು. ಎಂಟು ವಾರ ತುಂಬದ ಮರಿ ಮಾರಬಾರದು, ಒಂದು ಹೆಣ್ಣು ನಾಯಿಗೆ ಜೀವಮಾನದಲ್ಲಿ ಐದು ಸಲಕ್ಕಿಂತ ಹೆಚ್ಚು ಮರಿ ಹಾಕಿಸಬಾರದು, ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನಾಯಿ ಮರಿ ಮಾಡಿಸಿ ಮಾರುವವರಿಗೆಂದು ಕೇಂದ್ರ ಸರ್ಕಾರ ಮಾಡಿದ 2017ರ ನಿಯಮಗಳಲ್ಲೇ ಇದೆಲ್ಲ ಇದೆ. ಚಿನ್ನಿಯ ವಿಷಯದಲ್ಲಿ ಇದರಲ್ಲಿ ಯಾವುದನ್ನೂ ಪಾಲಿಸಿರಲಿಲ್ಲ. ಆ ಬ್ರೀಡರ್ ಮೇಲಿನ ಸಿಟ್ಟೆಲ್ಲ ದತ್ತು ಕೇಳಿ ಬಂದ ಪಾಪದ ಜನರ ಮೇಲೆ ತಿರುಗುತ್ತಿತ್ತು. ಸಿಟ್ಟು ನ್ಯಾಯವಾದದ್ದೇ, ಅದು ಸರಿಯಾದ ವಿಳಾಸಕ್ಕೆ ಹೋಗಲಿ ಎಂದೆ. ಆಸ್ಪತ್ರೆ ಚೀಟಿ, ಬಂದ ದಿನದ ಫೋಟೊ ಸೇರಿಸಿ ಗುಂಪಿನವರ ಜೊತೆ ಮಂಡಳಿಗೆ ದೂರು ಬರೆದರು. ಆ ವಾರದಿಂದ ನಿದ್ದೆ ಸ್ವಲ್ಪ ಸ್ವಲ್ಪ ಬರತೊಡಗಿತು.

ದೀಪಾವಳಿ ಕಳೆದ ಮೇಲೆ ಒಂದು ಮನೆ ಒಪ್ಪಿಗೆಯಾಯಿತು. ನೆಲಮಹಡಿ, ಮನೆಯಲ್ಲಿ ಆಗಲೇ ಒಂದು ಸಾಧು ನಾಯಿ. ಇನ್ನೊಂದು ನಾಯಿಯನ್ನು ನೋಡಿ ಧೈರ್ಯ ಕಲಿಯುವುದು ಇಂಥವಕ್ಕೆ ಸುಲಭ. ಹೆಸರು ಚಿನ್ನಿ ಎಂದೇ ಉಳಿಸಿಕೊಂಡಿದ್ದಾರೆ. ಟೀಚರ್ ಆ ಬಗ್ಗೆ ಷರತ್ತು ಹಾಕಿರಲಿಲ್ಲ.

ಅಷ್ಟರಲ್ಲೇ ಇನ್ನೊಂದು ನಾಯಿಯನ್ನು ಇಟ್ಟುಕೊಳ್ಳುತ್ತೀರಾ ಎಂದು ಗುಂಪಿನಿಂದ ಟೀಚರ್‌ಗೆ ಫೋನ್ ಬಂತು. ನನ್ನನ್ನು ಕೇಳಿದರು. ಈಗಲೇ ಬೇಡ ಎಂದೆ. ಈ ದುಃಖ ಒಂದು ಹದಕ್ಕೆ ಬರಲಿ, ಗಂಡನ ಬೆನ್ನೂ ಸರಿಹೋಗಲಿ. ತಗೊಂಡರೂ ಮೆಟ್ಟಿಲಲ್ಲಿ ಎತ್ತಬಹುದಾದ ಸಣ್ಣ ನಾಯಿ ತಗೊಳ್ಳಿ, ಕಳಿಸುವುದು ಹೇಗೆ ಎಂದು ಮೊದಲ ದಿನವೇ ಗುಂಪಿನವರ ಜೊತೆ ಮಾತಾಡಿಕೊಳ್ಳಿ ಎಂದೆ. ಬೇಸಿಗೆ ರಜೆಯವರೆಗೆ ಕಾಯುವುದಾಗಿ ಒಪ್ಪಿದ್ದಾರೆ.