ಸೈರನ್‌ಗೆ ಕಾಯಬೇಡಿ
ಅಪ್ಪ ಅಮ್ಮನ ಜೊತೆ ಅಂಡಮಾನ್‌ಗೆ ಹೊರಟಿದ್ದೀರಿ, ದಡದಲ್ಲೇ ರೂಮು, ಸುನಾಮಿ ಬಂದರೆ ಮೊದಲೇ ಎಚ್ಚರಿಕೆ ಸಿಗುತ್ತಾ ಅಂತ ಕೇಳಿದ್ದೀರಿ. ಹೈದರಾಬಾದಿನ ಇನ್‌ಕಾಯ್ಸ್ ಅನ್ನೋ ಸರ್ಕಾರಿ ಸಾಗರ ಮಾಹಿತಿ ಕೇಂದ್ರ 2007ರಿಂದ ಇದೇ ಕೆಲಸ ಮಾಡುತ್ತಿದೆ. ಆದರೆ ಅದನ್ನೇ ನಂಬಿ ಕೂರಬೇಡಿ, ಅಲ್ಲಿ ಭೂಕಂಪದ ಜಾಗವೇ ಹತ್ತಿರ, ಕೆಲವೇ ನಿಮಿಷಗಳಲ್ಲಿ ಅಲೆ ಬರಬಹುದು. ನೆಲ ಜೋರಾಗಿ, ಜಾಸ್ತಿ ಹೊತ್ತು ನಡುಗಿತಾ? ಅದೇ ಸೈರನ್. ನೀರು ಹಿಂದೆ ಸರಿದು ಮೀನು ಮರಳಲ್ಲಿ ಒದ್ದಾಡುತ್ತಿದ್ದರೆ ನೋಡುತ್ತಾ ನಿಲ್ಲಬೇಡಿ, ಓಡಿ. ಇಂಡೊನೇಷ್ಯಾದ ಸಿಮಿಯುಲು ದ್ವೀಪದವರು 1907ರ ಸುನಾಮಿಯ ಕಥೆಯನ್ನು ಮಕ್ಕಳು ಮೊಮ್ಮಕ್ಕಳಿಗೆ ಹೇಳುತ್ತಲೇ ಬಂದಿದ್ದರು, 2004ರಲ್ಲಿ ನೆಲ ನಡುಗಿದ ಕೂಡಲೇ ಗುಡ್ಡ ಹತ್ತಿದರು, ಸುಮಾರು 78 ಸಾವಿರ ಜನರಲ್ಲಿ ಸತ್ತವರು ಏಳೇ ಮಂದಿ! ನೀವು ಹೋದ ದಿನವೇ ರೂಮಿನಿಂದ ಎತ್ತರದ ಜಾಗಕ್ಕೆ ಅಪ್ಪ ಅಮ್ಮನ ನಡಿಗೆಯಲ್ಲೇ ನಡೆದು, ಎಷ್ಟು ನಿಮಿಷ ಬೇಕು ನೋಡಿ. ಮೊದಲ ಅಲೆ ಹೋಯಿತು ಅಂತ ಬ್ಯಾಗು ತರೋಕೆ ಇಳಿಯಬೇಡಿ, ಮುಂದಿನದು ಇನ್ನೂ ದೊಡ್ಡದಿರಬಹುದು.