ಮ್ಯಾನೇಜರ್ ಸಾಹೇಬ್ರೇ, ಕ್ಯಾಶ್ ಟ್ಯಾಲಿ ತಡವಾಗ್ತಿದೆಯಾ?

ಪ್ರಶ್ನೆ: ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ನಾನು ಬ್ಯಾಂಕ್ ಶಾಖೆಯ ಮ್ಯಾನೇಜರ್. ನಾನೂ ಸೇರಿ ಏಳು ಜನ ಇದ್ದೇವೆ. ನಮ್ಮ ಕ್ಯಾಷಿಯರ್ ತುಂಬಾ ಚುರುಕಿನ ಹೆಣ್ಣುಮಗಳು. ಆದರೆ ಮೂರು ತಿಂಗಳಿಂದ ಅವರ ಕ್ಯಾಶ್ ಟ್ಯಾಲಿ, ಅಂದರೆ ದಿನದ ಕೊನೆಗೆ ಕೈಯಲ್ಲಿರುವ ಹಣ ಲೆಕ್ಕಕ್ಕೆ ತಾಳೆಯಾಗೋದು, ತಡ. ಸೋಮವಾರ ಬಂತೆಂದರೆ ರಜೆ. ಮೊನ್ನೆ ಪಿಂಚಣಿಗೆ ಬಂದಿದ್ದ ಅಜ್ಜನ ಮೇಲೆ ರೇಗಿಬಿಟ್ಟರು. ಕೇಳಿದರೆ 'ಏನಿಲ್ಲ ಸಾರ್' ಅನ್ನುತ್ತಾರೆ. ಇದು ಕೆಲಸದ ಒತ್ತಡವೇ? ಇನ್ಶೂರೆನ್ಸ್ ಮಾರಾಟ, ಸಾಲ ವಸೂಲಿ ಟಾರ್ಗೆಟ್ ಎಲ್ಲ ರೀಜನಲ್ ಆಫೀಸಿನಿಂದ ಬರುತ್ತೆ. ನನ್ನ ಕೈಯಲ್ಲಿ ಏನಿದೆ?
– ಹೆಸರು ಬೇಡ

ಉತ್ತರ: 'ಏನಿಲ್ಲ ಸಾರ್' ಅನ್ನೋದನ್ನು ಉತ್ತರ ಅಂದುಕೊಳ್ಳಬೇಡಿ. ಅವರ ರಜೆ ಮಂಜೂರು ಮಾಡುವವರು ನೀವು, ಅಪ್ರೈಸಲ್ ಬರೆಯುವವರೂ ನೀವು. ನಿಮ್ಮ ಕ್ಯಾಬಿನ್ನಿನಲ್ಲಿ ನಿಂತುಕೊಂಡು ಬೇರೆ ಏನು ಹೇಳಿಯಾರು?

ನೀವು ಗಮನಿಸಿದ್ದೇನೋ ಸರಿಯಾಗಿಯೇ ಇದೆ. ಕೆಲವರು ಹುಟ್ಟಾ ನಿಧಾನ, ಕೆಲವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದು ಲಕ್ಷಣ ಅಲ್ಲ. ಚುರುಕಾಗಿದ್ದವರು ನಿಧಾನವಾದರೆ, ತಾಳ್ಮೆ ಇದ್ದವರು ರೇಗತೊಡಗಿದರೆ, ಆಗ ಯೋಚಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಬರ್ನ್‌ಔಟ್'ಗೆ ಮೂರು ಗುರುತು ಹೇಳಿತು: ಶಕ್ತಿಯೆಲ್ಲ ಬಸಿದುಹೋದಂತಾಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನ ಕೈಯಲ್ಲಿ ಏನೂ ಆಗ್ತಿಲ್ಲ ಅನ್ನಿಸುವುದು. ಅದನ್ನು ಕಾಯಿಲೆ ಅನ್ನಲಿಲ್ಲ. ಕೆಲಸದ ಜಾಗದಲ್ಲಿ ಬಹಳ ದಿನ ಸರಿಪಡಿಸದೆ ಬಿಟ್ಟ ಒತ್ತಡದ ಫಲ ಅಂದಿತು.

ಹಾಗಂತ ನೀವೇ ಡಾಕ್ಟರ್ ಆಗಬೇಡಿ. ಮನೆಯ ಚಿಂತೆ ಇರಬಹುದು, ಥೈರಾಯ್ಡ್ ಇರಬಹುದು. ನಿಮಗೆ ಸಂಬಂಧಿಸಿದ್ದು ಕೆಲಸದ ಭಾಗ ಮಾತ್ರ.

ಕ್ಯಾಶ್ ಕೌಂಟರಿನ ಸಂಕಟ ಹೊರಗಿನವರಿಗೆ ತಿಳಿಯೋದಿಲ್ಲ. ಹಣ ಕಡಿಮೆ ಬಂದರೆ ಕೈಯಿಂದ ಕಟ್ಟಬೇಕು. ಒಮ್ಮೆ ಹಾಗಾದರೆ ಸಾಕು, ಭಯ ಹಿಡಿಯುತ್ತದೆ. ಎರಡು ಸಲ ಎಣಿಸುತ್ತಿದ್ದ ಕಟ್ಟನ್ನು ನಾಲ್ಕು ಸಲ ಎಣಿಸುತ್ತಾರೆ. ಟ್ಯಾಲಿ ತಡ, ಮನೆ ತಡ, ನಿದ್ದೆ ಕಡಿಮೆ. ಮರುದಿನ ಮತ್ತೆ ತಪ್ಪು. ನೀವು ನೋಡುತ್ತಿರುವ 'ತಡ' ಬಹುಶಃ ಈ ಸುತ್ತಿನ ಒಂದು ತುದಿ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲಿ ಒಂದು ಮಾತು ಮುಂದಿಟ್ಟರು. ಕೆಲಸದ ಹೊರೆ ಒಂದೇ ಜನರನ್ನು ಕುಗ್ಗಿಸುವುದಿಲ್ಲ. ಹೊರೆ ಜಾಸ್ತಿ ಇದ್ದು, ಅದನ್ನು ಹೇಗೆ ಹೊರಬೇಕೆನ್ನುವ ಹಿಡಿತ ಕೈಯಲ್ಲಿ ಇಲ್ಲದಿದ್ದರೆ ಕುಗ್ಗಿಸುತ್ತದೆ. ನಿಮ್ಮ ಕ್ಯಾಷಿಯರ್‌ನ ನೆನೆಸಿಕೊಳ್ಳಿ. ಕ್ಯೂ ನಿಲ್ಲಿಸುವಂತಿಲ್ಲ, ಎದ್ದು ಹೋಗುವಂತಿಲ್ಲ, ತಪ್ಪಾದರೆ ಮಾತ್ರ ಅವರದ್ದು. ಹೊರೆ ಮೇಲಿನಿಂದ ಬರುತ್ತೆ, ಒಪ್ಪಿದೆ. ಹಿಡಿತ ಕೊಡುವವರು ನೀವೇ.

ಹೇಗೆ ಅಂತೀರಾ? ತಿಂಗಳ ಮೊದಲ ವಾರ ಪಿಂಚಣಿ ಗದ್ದಲ ಇರುತ್ತೆ, ಅಲ್ವಾ? ಆ ದಿನಗಳಲ್ಲಿ ಕ್ಯಾಶ್ ಸೀಟಿನವರಿಂದ ಇನ್ಶೂರೆನ್ಸ್ ಕೇಳಲೇಬೇಡಿ. ನೋಟು ಎಣಿಸುತ್ತಿರುವವರಿಗೆ 'ಇವತ್ತು ಎಷ್ಟು ಪಾಲಿಸಿ ಆಯ್ತಮ್ಮ?' ಅನ್ನೋದಕ್ಕಿಂತ ದೊಡ್ಡ ಕಾಟ ಇನ್ನೊಂದಿಲ್ಲ. ಮಧ್ಯಾಹ್ನ ಅರ್ಧ ಗಂಟೆ ಆ ಸೀಟಿನಲ್ಲಿ ಇನ್ನೊಬ್ಬರು ಕೂರಲಿ. ಯಾರು ಯಾವ ಕೌಂಟರ್ ಅನ್ನೋದನ್ನು ಅವರವರೇ ಮಾತಾಡಿಕೊಂಡು ಬರೆದುಕೊಡಲಿ, ನೀವು ಸಹಿ ಹಾಕಿ.

ಇನ್ನು ವಾಟ್ಸಾಪ್ ಗ್ರೂಪ್. ಸಂಜೆ ಏಳಕ್ಕೆ ವಿಡಿಯೋ ಮೀಟಿಂಗ್‌ನಲ್ಲಿ ಬೈಸಿಕೊಂಡು ಬಂದು, ಎಂಟಕ್ಕೆ ಅದೇ ಬೈಗುಳವನ್ನು ಗ್ರೂಪಿಗೆ ಫಾರ್ವರ್ಡ್ ಮಾಡುವ ಮ್ಯಾನೇಜರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಳ್ಳೆಯವರೇ. ಭಾರ ಇಳಿಸಿಕೊಳ್ಳುತ್ತಾರೆ, ಅಷ್ಟೇ. ಅದು ರಾತ್ರಿ ಊಟದ ಹೊತ್ತಿಗೆ ಆರು ಮನೆಗಳಲ್ಲಿ ಇಳಿಯುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ 'ಇವತ್ತು ಇದೊಂದು ನೋಡೋಣ' ಅಂದರೆ ಸಾಕು. ಯಾರು ಎಷ್ಟು ಪಾಲಿಸಿ ಮಾಡಿದರು ಅನ್ನುವ ಪಟ್ಟಿಯನ್ನು ಗ್ರೂಪಿಗೆ ಹಾಕುವುದಂತೂ ಇವತ್ತೇ ನಿಲ್ಲಿಸಿ.

ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆಗೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದರ ಉದ್ದೇಶ ವಂಚನೆ ಹಿಡಿಯುವುದು. ಆದರೂ ಒಂದು ವಿಷಯ ಅದರಲ್ಲಿದೆ: ಒಬ್ಬರು ಅಷ್ಟು ದಿನ ಇಲ್ಲದೆಯೂ ಶಾಖೆ ನಡೆಯುತ್ತೆ! ಹಾಗಾಗಿ ಸೋಮವಾರದ ರಜೆಗೆ ಮುಖ ಗಂಟಿಕ್ಕಬೇಡಿ.

ಅವರ ಜೊತೆ ಮಾತಾಡುವಾಗ ಕ್ಯಾಬಿನ್ ಬೇಡ, ಟ್ಯಾಲಿ ಆಗದ ಸಂಜೆಯಂತೂ ಬೇಡವೇ ಬೇಡ. 'ನಿಮಗೇನು ಟೆನ್ಷನ್?' ಅಂತ ಕೇಳಬೇಡಿ. 'ಇಡೀ ದಿನದಲ್ಲಿ ಜಾಸ್ತಿ ಕಷ್ಟ ಆಗೋ ಹೊತ್ತು ಯಾವುದು?' ಅನ್ನಿ. ಆಮೇಲೆ ಸುಮ್ನಿರಿ. ಸ್ವಲ್ಪ ಹೊತ್ತು ಮೌನ ಇರುತ್ತೆ, ಇರಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೀಮ್ ಲೀಡ್ ನಾನು. ಒಬ್ಬ ಹುಡುಗ 'ಸ್ಟ್ರೆಸ್' ಅಂತ ರಾತ್ರಿ ಕಾಲ್‌ಗೆ (ಆನ್‌ಲೈನ್ ಮೀಟಿಂಗ್‌ಗೆ) ಬರಲ್ಲ ಅನ್ನುತ್ತಾನೆ. ನಿಜವೋ, ನಾಟಕವೋ ಹೇಗೆ ತಿಳಿಯೋದು?

ಉತ್ತರ: ತಿಳಿಯೋದಿಲ್ಲ. ತಿಳಿಯಬೇಕಾಗಿಯೂ ಇಲ್ಲ. ಅವನ ಮನಸ್ಸು ಬಿಟ್ಟು ಅವನ ವಾರದ ಗಂಟೆಗಳನ್ನು ಲೆಕ್ಕ ಹಾಕಿ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಅಪಾಯ ಶೇ 35ರಷ್ಟು ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದವು. ನಾಟಕ ಆಡುವವನ ಮೆದುಳಿಗೂ ಈ ಲೆಕ್ಕ ಒಂದೇ. ರಾತ್ರಿ ಕಾಲ್‌ನಲ್ಲಿ ಅವನು ಇರಲೇಬೇಕಾ, ಬೆಳಿಗ್ಗೆ ನೋಟ್ಸ್ ಓದಿದರೆ ಸಾಲದಾ ನೋಡಿ. ಇರಲೇಬೇಕಾದರೆ ಪಾಳಿ ಮಾಡಿ, ನಿಮ್ಮ ಹೆಸರೂ ಅದರಲ್ಲಿರಲಿ.

ಆದರೆ 'ಬದುಕೋದೇ ಬೇಡ' ಅನ್ನುವಂಥ ಮಾತು ಬಂದರೆ ಲೆಕ್ಕ ಎಲ್ಲ ಪಕ್ಕಕ್ಕಿಡಿ. ಅವನನ್ನು ಒಬ್ಬನೇ ಬಿಡಬೇಡಿ, ಮನೆಯವರಿಗೆ ತಿಳಿಸಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಏನು ಮಾಡಬೇಕು ತೋಚದಿದ್ದರೆ ನೀವೇ ಮೊದಲು ಫೋನ್ ಮಾಡಿ ಕೇಳಿ.