ರದ್ದು ಮಾಡಿದ ಮೇಲೂ ಬಿಲ್ ಬರುತ್ತಿದ್ದರೆ

ಚಂದಾ ರದ್ದು ಮಾಡಿ ನಾಲ್ಕು ತಿಂಗಳಾದರೂ ಕಾನೂನು ಪುಸ್ತಕದ ಪ್ರಕಾಶಕರು ಪುರವಣಿ (ಪುಸ್ತಕದ ಹಳೆ ಹಾಳೆಗಳ ಬದಲು ಸೇರಿಸುವ ಹೊಸ ಹಾಳೆಗಳು), ಬಿಲ್ ಕಳಿಸುತ್ತಲೇ ಇದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಓದಿ ಹೊಟ್ಟೆ ಉರಿಯಿತು. ನನಗೂ ಹೀಗೇ ಆಗಿತ್ತು.

ಮೊದಲು, ಆ ಪುರವಣಿಯ ಪ್ಯಾಕೆಟ್ ಒಡೆಯಬೇಡಿ. ನಾನು ಒಡೆದು, ಹಳೆ ಹಾಳೆ ತೆಗೆದು ಹೊಸದನ್ನು ಬೈಂಡರಿಗೆ ಸೇರಿಸಿಬಿಟ್ಟಿದ್ದೆ. ‘ಬಳಸಿದ್ದೀರಲ್ಲ’ ಅಂದರು ಪ್ರಕಾಶಕರು, ಪೂರ್ತಿ ಹಣ ಕಟ್ಟಬೇಕಾಯಿತು.

ಬರೀ ಫೋನ್ ನಂಬಬೇಡಿ. ಪ್ರತಿ ಸಲ ಹೊಸಬರು ಸಿಗುತ್ತಾರೆ, ಕಥೆ ಮತ್ತೆ ಮೊದಲಿನಿಂದ ಹೇಳಬೇಕು. ಅದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ, ಅಲ್ವಾ? ಖಾತೆ ಸಂಖ್ಯೆ, ಬಿಲ್ ಸಂಖ್ಯೆ, ರದ್ದು ಕೋರಿದ ದಿನಾಂಕ ಹಾಕಿ ಇಮೇಲ್ ಮಾಡಿ. ರದ್ದಾಗಿದೆ ಅಂತ ಬರವಣಿಗೆಯಲ್ಲೇ ಉತ್ತರ ಕೇಳಿ. ಅದೇ ಪುಸ್ತಕ ಇನ್ನೊಂದು ಖಾತೆಯಲ್ಲಿ ಸ್ಟ್ಯಾಂಡಿಂಗ್ ಆರ್ಡರ್ (ಹೊಸದು ಬಂದಾಗಲೆಲ್ಲ ತಾನಾಗಿ ಕಳಿಸುವ ಕಾಯಂ ಆರ್ಡರ್) ಆಗಿ ಉಳಿದಿದೆಯಾ ಅಂತಲೂ ನೋಡಿಸಿ. ಎಷ್ಟೋ ಸಲ ಗಂಟು ಇರುವುದು ಅಲ್ಲೇ.

ಅಮೆರಿಕದ ಕಾನೂನು ಗ್ರಂಥಾಲಯಗಳ ಸಂಘವಾದ ಅಮೆರಿಕನ್ ಅಸೋಸಿಯೇಷನ್ ಆಫ್ ಲಾ ಲೈಬ್ರರೀಸ್ ಕಾನೂನು ಪ್ರಕಾಶಕರಿಗೆಂದೇ ನ್ಯಾಯವಾದ ವ್ಯವಹಾರದ ಮಾರ್ಗದರ್ಶಿ ತಂದಿದೆ. ಅದು ಕಾನೂನಲ್ಲ, ಆದರೂ ಪತ್ರದಲ್ಲಿ ಅದರ ಮಾತು ಎತ್ತಿದರೆ ತೂಕ ಜಾಸ್ತಿ. ಈ ವಿಷಯ ಇತ್ಯರ್ಥ ಆಗುವವರೆಗೆ ತಕರಾರಿನ ಬಿಲ್ ಪಕ್ಕಕ್ಕಿಟ್ಟು, ಉಳಿದದ್ದನ್ನು ಸರಿಯಾಗಿ ಕಟ್ಟಿ. ಇಲ್ಲದಿದ್ದರೆ ನಿಮಗೆ ಬೇಕಾದ ಚಂದಾವನ್ನೂ ತಡೆಹಿಡಿಯಬಹುದು.